ಹುಲ್ಲಿಗೆ ಅಭ್ಯಂಜನ, ನಮಗೆ ಒಣ ಬಕೆಟ್

ಮನೆ 27 (ಬೆಳಿಗ್ಗೆ 5:12)
ರಾತ್ರಿ ಪೂರ್ತಿ ನಿದ್ದೆ ಇಲ್ಲ. ಎರಡೂವರೆಗೆ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ. ಸಂಪ್‌ನೊಳಗೆ ಟಾರ್ಚ್ ಬಿಟ್ಟರೆ ತಳ ಕಾಣುತ್ತಿದೆ. ಮಾವನಿಗೆ ಹೊಟ್ಟೆ ಕೆಟ್ಟಿದೆ, ಮಗಳಿಗೆ ಇವತ್ತು ಎಸ್ಸೆಸ್ಸೆಲ್ಸಿ ಗಣಿತ. ಕುಡಿಯಲು ಇಟ್ಟಿದ್ದ ಕೊಡದ ನೀರಲ್ಲೇ ಎಲ್ಲ ನಡೆಯಿತು, ಬಿಡಿಸಿ ಹೇಳುವುದಿಲ್ಲ. ಬಾಲ್ಕನಿಗೆ ಬಂದು ನೋಡಿದರೆ ಪಾರ್ಕಿನಲ್ಲಿ ಸ್ಪ್ರಿಂಕ್ಲರ್ ಚಿಕ್ ಚಿಕ್ ಅಂತ ತಿರುಗುತ್ತಿದೆ! ಹುಲ್ಲಿಗೆ ಅಭ್ಯಂಜನ, ನಮಗೆ ಒಣ ಬಕೆಟ್. ಯಾರು ಆನ್ ಮಾಡಿದ್ದು? ಈಗಲೇ ಹೇಳಿ.

ಮನೆ 5 (5:40)
ಶುಭೋದಯ 🌹 ಹರಿಯುವ ನೀರಿನಂತೆ ಬಾಳಿ. ನಿಂತರೆ ಪಾಚಿ ಕಟ್ಟುತ್ತದೆ.

ಮನೆ 33 (5:43)
ಅಂಕಲ್, ಹರಿಯೋಕೆ ಮೊದಲು ಬರಬೇಕಲ್ಲ 😂

ಮನೆ 9 (6:02)
ಮೇಡಂ, ಬೆಳಿಗ್ಗೆ ಬೆಳಿಗ್ಗೆ ಕಿರುಚಬೇಡಿ. ಲಾನ್ ಹಾಕಿಸಿದ್ದು ನಾನು, ಹೌದು. ಮೊದಲು ಅಲ್ಲಿ ಏನಿತ್ತು? ಪಾರ್ಥೇನಿಯಂ, ಒಡೆದ ಬಾಟಲಿ. ಲಾನ್ ಆದ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಂಡಿರಿ. ನನ್ನ ಕಾಲದಲ್ಲಿ ಮಾಲಿ ಕೈಯಲ್ಲಿ ಪೈಪ್ ಹಿಡಿದು ನೀರು ಬಿಡುತ್ತಿದ್ದ. ಈ ಟೈಮರ್ ಎಲ್ಲ ಈಗಿನ ಕಮಿಟಿಯ ಶೋಕಿ.

ಮನೆ 22 (6:09)
ಸಾರ್, ಟೈಮರ್ ನಿಮ್ಮ ಕಾಲದ್ದೇ. ಬಿಲ್ ನನ್ನ ಫೈಲಲ್ಲಿದೆ. ನಿಮ್ಮದೇ ಸಹಿ.

ಮನೆ 9 (6:10)
ಬಿಲ್ ಬೇರೆ, ಸೆಟ್ಟಿಂಗ್ ಬೇರೆ.

ಮನೆ 9 (6:11)
ಆ ತೆಂಗಿನ ಮರ ಕಡಿದಾಗಲೂ ನನ್ನ ಮೇಲೇ ಹಾಕಿದಿರಿ. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಮನೆ 14, ಮೇಷ್ಟ್ರು (6:35)
ತೆಂಗಿನ ಮರ ಬಿಡಿ, ಲೆಕ್ಕ ಮಾಡೋಣ. ಲಾನ್ 60 ಅಡಿಗೆ 80. ಅಂದರೆ ಸುಮಾರು 445 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲೀಟರ್ ಸುರಿದರೆ ಅದು ಒಂದು ಮಿಲಿಮೀಟರ್ ಮಳೆ. ನಮ್ಮ ಬೋರ್ ಗಂಟೆಗೆ ಹೆಚ್ಚೂಕಡಿಮೆ 2,000 ಲೀಟರ್ ಎತ್ತುತ್ತದೆ. ರಾತ್ರಿ 9ರಿಂದ 5ರವರೆಗೆ 16,000 ಲೀಟರ್. ಹುಲ್ಲಿನ ಮೇಲೆ 36 ಮಿಲಿಮೀಟರ್ ಮಳೆ ಸುರಿದ ಹಾಗೆ. ಈ ಬಿಸಿಲಲ್ಲೂ ಅದಕ್ಕೆ ದಿನಕ್ಕೆ ಐದಾರು ಸಾಕು. ಮಿಕ್ಕಿದ್ದು ಬೇರು ದಾಟಿ ಇಳಿದುಹೋಯಿತು, ಇಲ್ಲ ಚರಂಡಿ ಸೇರಿತು.

ಮನೆ 27 (6:37)
ಎರಡೂವರೆ ಟ್ಯಾಂಕರ್‌ಗಿಂತ ಜಾಸ್ತಿ! ನಾನು ನಿನ್ನೆ ಸಂಜೆಯಿಂದ ಟ್ಯಾಂಕರ್‌ನವನಿಗೆ ಫೋನ್ ಮಾಡಿ ಮಾಡಿ ಸೋತೆ.

ಮನೆ 41 (6:50)
ಬೆಂಗಳೂರಲ್ಲಿ 2024ರ ಮಾರ್ಚ್‌ನಲ್ಲೇ ಜಲಮಂಡಳಿ ಆದೇಶ ಹೊರಡಿಸಿದೆ. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ. ಯಾರಾದರೂ ವಿಡಿಯೋ ಹಾಕಿದರೆ ಕಥೆ ಮುಗಿಯಿತು.

ಮನೆ 9 (6:52)
ಅದು ಕುಡಿಯುವ ನೀರಿಗೆ. ನಮ್ಮದು ಬೋರ್ ನೀರು.

ಮನೆ 27 (6:52)
ಆ ಬೋರ್ ನೀರನ್ನೇ ಫಿಲ್ಟರ್ ಹಾಕಿಕೊಂಡು ನಾವು ಕುಡಿಯುತ್ತಿರುವುದು ಸಾರ್!

ಮನೆ 9 (6:53)
ಹಾಗಂತ ಲಾನ್ ಸಾಯಿಸಬೇಕಾ? ಒಂದು ಹನಿ ನಿಲ್ಲಿಸಿದರೂ ಮೆಕ್ಸಿಕನ್ ಕಾರ್ಪೆಟ್ ಹುಲ್ಲು ಹಳದಿ ಆಗುತ್ತದೆ. ನಿಲ್ಲಿಸುವವರು ದುಡ್ಡು ಕಟ್ಟಿ ಹೊಸದು ಹಾಕಿಸಲಿ.

ಮನೆ 14, ಮೇಷ್ಟ್ರು (7:15)
ಸಾಯುವುದಿಲ್ಲ ರಾಯರೇ. ದಿನಾ ನೀರು ಕೊಟ್ಟು ಕೊಟ್ಟು ನಾವೇ ಅದನ್ನು ಕೆಡಿಸಿದ್ದೇವೆ. ಬೇರು ಮೇಲೇ ಉಳಿದಿದೆ. ವಾರಕ್ಕೆ ಎರಡು ಸಲ, ನಾಲ್ಕು ಬೆರಳು ಆಳ ನೆನೆಯುವಷ್ಟು, ಬಿಸಿಲೇರುವ ಮೊದಲು ಕೊಟ್ಟು ನೋಡಿ. ಬೇರು ತಾನೇ ಕೆಳಗೆ ಇಳಿಯುತ್ತದೆ. ಮಾಲಿ ಪ್ರತಿ ವಾರ ನೆತ್ತಿ ಬೋಳಿಸಿದ ಹಾಗೆ ಕತ್ತರಿಸುವುದನ್ನೂ ನಿಲ್ಲಿಸಲಿ. ಎರಡು ಇಂಚಾದರೂ ಬಿಟ್ಟರೆ ಹುಲ್ಲೇ ಮಣ್ಣಿಗೆ ನೆರಳು. ಬಿಸಿಲು ಬೀಳುವ ಅರ್ಧ ಭಾಗದಲ್ಲಿ ಮಳೆಗಾಲಕ್ಕೆ ನಮ್ಮ ಗರಿಕೆಯನ್ನೇ ಹಾಕಿ. ಬೇಸಿಗೆಯಲ್ಲಿ ಒಣಗಿದ ಹಾಗೆ ಕಾಣುತ್ತದೆ, ಮೊದಲ ಮಳೆಗೆ ಚಿಗುರುತ್ತದೆ.

ಮನೆ 30 (7:20)
ವಾಷಿಂಗ್ ಮೆಷಿನ್ ನೀರು ಬಿಡಬಹುದಾ ಮೇಷ್ಟ್ರೇ?

ಮನೆ 14, ಮೇಷ್ಟ್ರು (7:24)
ಸೋಪಿನ ಉಪ್ಪು ಮಣ್ಣಲ್ಲಿ ಸೇರುತ್ತಾ ಹೋಗುತ್ತದೆ ತಾಯಿ, ದಿನಾ ಬೇಡ. ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಇದೆಯಲ್ಲ, ಶುದ್ಧ ಮಾಡಿದ ನೀರನ್ನು ಸುಮ್ನೆ ಮೋರಿಗೆ ಬಿಡುತ್ತಾರೆ. ಒಂದು ಪೈಪ್ ಎಳೆದರೆ ಆಯಿತು. ಮಾತಾಡಿಸುವವರು ಬೇಕು ಅಷ್ಟೇ.

ಮನೆ 9 (7:25)
ಆ ಅಪಾರ್ಟ್‌ಮೆಂಟಿನವರ ಜೊತೆ ನಾನಂತೂ ಮಾತಾಡುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು.

ಮನೆ 5 (7:31)
ಬಹಳ ಸಲ ಫಾರ್ವರ್ಡ್ ಆಗಿದೆ: ನಾಳೆಯಿಂದ ಮೂರು ದಿನ ಇಡೀ ಊರಿಗೆ ನೀರಿಲ್ಲ, ಹತ್ತು ಜನಕ್ಕೆ ಕಳಿಸಿ!!

ಮನೆ 41 (7:33)
ಅಂಕಲ್, ಇದು ಹೋದ ವರ್ಷವೂ ಬಂದಿತ್ತು.

ಮನೆ 33 (7:35)
ಗರಿಕೆ ಐಡಿಯಾ ಸೂಪರ್. ಚೌತಿಗೆ ಕಟ್ಟಿಗೆ ಇಪ್ಪತ್ತರ ಹಾಗೆ ಮಾರಿ ಬೋರ್‌ವೆಲ್ ಸಾಲ ತೀರಿಸೋಣ.

ಮನೆ 30 (7:36)
ಅಯ್ಯೋ, ಅಲ್ಲಿನ ಗರಿಕೆ ಗಣಪನಿಗಾ? ದಿನಾ ಬೆಳಿಗ್ಗೆ ಅಲ್ಲಿ ಯಾರ್ಯಾರ ನಾಯಿ ಏನೇನು ಮಾಡುತ್ತವೆ ಅಂತ ನೋಡಿದ್ದೀರಾ?

ಮನೆ 18 (7:37)
ನನಗೇ ಹೇಳುತ್ತಿದ್ದೀರಿ ಅಂತ ಗೊತ್ತಾಯಿತು ಆಂಟಿ. ನಮ್ಮದು ಮಾಡಿದರೆ ನಾನು ಎತ್ತುತ್ತೇನೆ, ಕವರ್ ಹಿಡಿದೇ ಬರುತ್ತೇನೆ. ಎತ್ತದವರು ಯಾರು ಅಂತ ಮನೆ 9ರವರನ್ನು ಕೇಳಿ.

ಮನೆ 9 (7:37)
ನಮ್ಮ ನಾಯಿಯ ಸುದ್ದಿಗೆ ಬರಬೇಡಿ.

(ಇಲ್ಲಿಂದ 64 ಸಂದೇಶಗಳು ನಾಯಿಯ ಬಗ್ಗೆ. ಮೂರು ಫೋಟೋ, ಒಂದು ವಿಡಿಯೋ.)

ಮನೆ 22 (11:20)
ಸರಿ. ಭಾನುವಾರ 10ಕ್ಕೆ ಪಾರ್ಕಿನಲ್ಲಿ ಮೀಟಿಂಗ್. ವಿಷಯ: ನಾಯಿಗಳಿಗೆ ಸಮಯ, ಗೇಟಿಗೆ ಬೀಗ, ಸಿಸಿಟಿವಿ. ಇತರೆ ವಿಷಯದಲ್ಲಿ ಲಾನ್ ತೆಗೆದುಕೊಳ್ಳೋಣ.

ಮನೆ 14, ಮೇಷ್ಟ್ರು (11:32)
ಅಲ್ಲಿಯವರೆಗೆ ಟೈಮರ್ ಆಫ್ ಮಾಡಿ. ಪಂಪ್ ರೂಮ್ ಕೀ ಯಾರ ಹತ್ತಿರ ಇದೆ?

ಮನೆ 22 (11:50)
ಮಾಲಿ ಹತ್ತಿರ ಸಾರ್. ಅವನು ಊರಿಗೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ.

ಮನೆ 9 (11:51)
ಸಿಸಿಟಿವಿ ಮೊದಲು ನನ್ನ ಅವಧಿಯಲ್ಲೇ ಹೇಳಿದ್ದೆ. ದಾಖಲೆ ಇದೆ.

ಮನೆ 27 (ರಾತ್ರಿ 9:04)
ಮತ್ತೆ ಚಿಕ್ ಚಿಕ್ ಶುರುವಾಯಿತು. ಯಾರಾದರೂ ಬನ್ನಿ, ಬೀಗ ಒಡೆಯೋಣ.

ಮನೆ 18 (9:21)
ಭಾನುವಾರ 10 ಅಂದರೆ ಸರಿಯಾಗಿ 10ಕ್ಕಾ? ನಮ್ಮ ಟಾಮಿಗೆ ಅವತ್ತು ಇಂಜೆಕ್ಷನ್ ಇದೆ.

ಮನೆ 33 (9:22)
ಅವನೂ ಮೀಟಿಂಗಿಗೆ ಬರಲಿ, ಆರೋಪಿ ಪರವಾಗಿ.