ನಮೀಬ್‌ನ ಜೀರುಂಡೆ ಕುಡಿಯುವುದು ಇಬ್ಬನಿಯೋ, ಮಂಜೋ?

ಪ್ರಶ್ನೆ: ಆಫ್ರಿಕಾದ ನಮೀಬ್ ಮರುಭೂಮಿಯ ಬಗೆಗಿನ ಅನುವಾದದಲ್ಲಿ ‘ಇಬ್ಬನಿ ಕುಡಿಯುವ ಜೀರುಂಡೆ’ ಎಂದು ಬರೆದರೆ ಸರಿಯೇ? ‘ಮಂಜು’ ಎಂದರೆ ಓದುವವರು ಹಿಮ ಎಂದುಕೊಂಡಾರು ಎಂಬ ಅಳುಕು. ‘ದುಂಬಿ’ ಎನ್ನಬಹುದೇ?

ಉತ್ತರ: ಮಂಜೇ ಸರಿ. ರಾತ್ರಿ ತಣ್ಣಗಾದ ಎಲೆ, ಕಲ್ಲುಗಳ ಮೇಲೆಯೇ ಆವಿ ನೀರಾಗಿ ಕೂತರೆ ಅದು ಇಬ್ಬನಿ. ಮಂಜಿನಲ್ಲಿ ಹನಿಗಳು ಗಾಳಿಯಲ್ಲೇ ತೇಲುತ್ತಿರುತ್ತವೆ. ನಮೀಬಿಯಾದ ಕರಾವಳಿಗುಂಟ ಹರಿಯುವ ಬೆಂಗ್ವೇಲಾ ಎಂಬ ತಣ್ಣನೆಯ ಸಾಗರಪ್ರವಾಹದ ಮೇಲೆ ಹಾಯುವ ತೇವದ ಗಾಳಿ ತಂಪಾಗಿ ಮಂಜುಗಟ್ಟುತ್ತದೆ, ಹತ್ತಾರು ಕಿಲೋಮೀಟರ್ ಒಳನಾಡಿಗೂ ನುಗ್ಗುತ್ತದೆ. ಓನಿಮ್ಯಾಕ್ರಿಸ್ ಉಂಗ್ವಿಕ್ಯುಲಾರಿಸ್ ಎಂಬ ಕಪ್ಪು ಜೀರುಂಡೆ ಆಗ ಮರಳಿನಿಂದ ಮೇಲೆದ್ದು, ದಿಣ್ಣೆಯ ನೆತ್ತಿಗೇರಿ, ಗಾಳಿಗೆ ಮುಖಮಾಡಿ, ತಲೆ ತಗ್ಗಿಸಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಮೈಗೆ ಬಡಿದ ಹನಿಗಳು ಒಂದಕ್ಕೊಂದು ಕೂಡಿ ಬಾಯಿಗೆ ಇಳಿಯುತ್ತವೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಸೀಲಿ ಎಂಬ ವಿಜ್ಞಾನಿಗಳು ತೂಗಿ ನೋಡಿದಾಗ, ಹೀಗೆ ನಿಂತ ಹುಳುಗಳ ತೂಕ ಸರಾಸರಿ ಶೇ. 12ರಷ್ಟು ಏರಿತ್ತು.

ಹಿಮದ ಗೊಂದಲ ಕ್ರಿಯಾಪದದಿಂದಲೇ ತಪ್ಪುತ್ತದೆ. ‘ಮಂಜು ಬಿತ್ತು’ ಎಂದರೆ ಅನುಮಾನ ಬರಬಹುದು. ‘ಮಂಜು ಕವಿಯಿತು’, ‘ಮುಸುಕಿತು’ ಎಂದರೆ ಆಗುಂಬೆ, ಮಡಿಕೇರಿ ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ‘ಕಾವಳ’ ಚೆಂದದ ಪದ, ಆದರೆ ಅದಕ್ಕೆ ಕತ್ತಲೆಯ ಅರ್ಥವೂ ಅಂಟಿಕೊಂಡಿದೆ.

‘ದುಂಬಿ’ ಬೇಡ. ಅದರ ಹಿಂದೆಯೇ ಹೂವು, ಹಾರಾಟ, ಝೇಂಕಾರ ಬರುತ್ತವೆ. ಈ ಹುಳು ಹಾರುವುದೇ ಇಲ್ಲ. ‘ಜೀರುಂಡೆ’ ಎಂದರೆ ಮಲೆನಾಡಿನವರಿಗೆ ಮರದಲ್ಲಿ ಕೂತು ಜೀರ್‌ಗುಟ್ಟುವ ಹುಳು ನೆನಪಾಗುತ್ತದೆ, ನಿಜ. ಮೊದಲ ಸಲ ‘ಗಟ್ಟಿ ಬೆನ್ನಿನ ಜೀರುಂಡೆ’ ಎಂದು ಬರೆದುಬಿಟ್ಟರೆ ಮುಂದೆ ತೊಡಕಿಲ್ಲ.

ಅದೇ ಮರಳಿನ ಲೆಪಿಡೋಕೋರಾ ಜೀರುಂಡೆಗಳು ಮಂಜುಗಾಳಿಗೆ ಅಡ್ಡಲಾಗಿ ಮರಳು ಕೆದರಿ ಸಣ್ಣ ಏರು ಮಾಡಿ, ಅದರ ಮೇಲೆ ತಂಗಿದ ನೀರನ್ನು ಹೀರುತ್ತವೆ. ಅನುವಾದದಲ್ಲಿ ಅವೂ ಬಂದರೆ ಅವು ಕೆದರಿ ಮಾಡಿದ್ದನ್ನು ‘ಕಂದಕ’ ಎನ್ನಬೇಡಿ, ಕೋಟೆ ಕಣ್ಣಿಗೆ ಬರುತ್ತದೆ. ಹೊಲದ ‘ಬದು’ವೇ ಸಾಕು, ನೀರು ಹಿಡಿಯುವುದು ಆ ಏರೇ ತಾನೆ.

ಇನ್ನೊಂದು: ಮೂಲದಲ್ಲಿ ‘ಬೆನ್ನಿನ ಉಬ್ಬುಗಳು ನೀರು ಹಿಡಿಯುತ್ತವೆ’ ಎಂದಿದ್ದರೆ ಹುಳುವಿನ ಹೆಸರನ್ನು ಮತ್ತೊಮ್ಮೆ ನೋಡಿ. ಉಬ್ಬುಬೆನ್ನಿನದು ಸ್ಟೆನೋಕಾರಾ ಎಂಬ ಬೇರೆ ಜೀರುಂಡೆ. ತಲೆಕೆಳಗಾಗಿ ನಿಲ್ಲುವ ಓನಿಮ್ಯಾಕ್ರಿಸ್‌ಗೆ ಅಂಥ ಉಬ್ಬುಗಳಿಲ್ಲ. ಇವೆರಡನ್ನೂ ಒಂದೇ ಹುಳುವೆಂದು ಬೆರೆಸಿ ಬರೆದ ಲೇಖನಗಳು ಬೇಕಾದಷ್ಟಿವೆ.