ಹಿಮದಿಂದ ಮಳೆಕಾಡಿಗೆ: ಲೆನ್ಸ್ ಮಂಜು, ಬ್ಯಾಟರಿ

ಪ್ರಶ್ನೆ:
ಒಂದೇ ಪ್ರವಾಸದಲ್ಲಿ ಮೊದಲು ಹಿಮಪ್ರದೇಶ, ಆಮೇಲೆ ಮಳೆಕಾಡು. ಚಳಿಯಿಂದ ಕೋಣೆಯೊಳಗೆ ಬಂದರೆ ಕ್ಯಾಮೆರಾ ಲೆನ್ಸ್ ಮೇಲೆ ಮಂಜು ಕಟ್ಟುತ್ತದಂತೆ, ತಡೆಯೋದು ಹೇಗೆ? ಹೆಚ್ಚುವರಿ ಬ್ಯಾಟರಿಗಳನ್ನು ವಿಮಾನದಲ್ಲಿ ಎಲ್ಲಿಡಬೇಕು?

ಉತ್ತರ 1:
ಬೆಚ್ಚಗಿನ ಗಾಳಿಯ ತೇವ ತಣ್ಣನೆಯ ಗಾಜಿನ ಮೇಲೆ ನೀರಾಗಿ ಕೂರುತ್ತೆ, ಅಷ್ಟೇ. ಹೊರಗಿರುವಾಗಲೇ ಕ್ಯಾಮೆರಾವನ್ನು ಜಿಪ್‌ಲಾಕ್ ಕವರಿಗೆ ಹಾಕಿ, ಗಾಳಿ ಹಿಂಡಿ ಮುಚ್ಚಿ, ಆಮೇಲೆ ಒಳಗೆ ಬನ್ನಿ. ನೀರು ಕವರಿನ ಹೊರಮೈಗೆ ಕಟ್ಟಲಿ. ಒಂದೆರಡು ಗಂಟೆ ತೆರೆಯಬೇಡಿ. ದೂರದ್ದನ್ನು ಹತ್ತಿರ ತೋರಿಸುವ ದಪ್ಪ ಟೆಲಿಫೋಟೊ ಲೆನ್ಸ್ ಆದರೆ ಇನ್ನೂ ಹೊತ್ತು ಬೇಕು. ಮೆಮೊರಿ ಕಾರ್ಡ್ ಮೊದಲೇ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಫೋಟೊ ನೋಡುವ ಆತುರಕ್ಕೆ ಕವರ್ ಬಿಚ್ಚಿಬಿಡ್ತೀರಿ! ಮಂಜು ಕಟ್ಟಿರುವಾಗ ಲೆನ್ಸ್ ಮಾತ್ರ ಬದಲಿಸಬೇಡಿ, ತೇವ ಒಳಗೆ ಚಿತ್ರ ಸೆರೆಹಿಡಿಯುವ ಸೆನ್ಸರಿಗೂ ತಗಲುತ್ತೆ.

ಉತ್ತರ 2:
ಮಳೆಕಾಡಿನಲ್ಲಿ ಇದೇ ಉಲ್ಟಾ: ಎಸಿ ಕೋಣೆಯಿಂದ ಹೊರಬಿದ್ದ ಕೂಡಲೇ ಮಂಜು. ರಾತ್ರಿ ಬ್ಯಾಗನ್ನು ಎಸಿ ಇಲ್ಲದ ಕಡೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಉತ್ತರ 3:
ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಸಾಮಾನ್ಯ ಮಿತಿ ಒಂದಕ್ಕೆ 100 ವ್ಯಾಟ್-ಅವರ್. ಬ್ಯಾಟರಿ ಮೇಲೆ ಬರೆದಿರುವ ವೋಲ್ಟನ್ನು ಎಂಎಎಚ್‌ನಿಂದ (mAh, ಮಿಲಿಆಂಪಿಯರ್-ಅವರ್) ಗುಣಿಸಿ 1000ದಿಂದ ಭಾಗಿಸಿ: 7.2 ವೋಲ್ಟ್, 2000 ಎಂಎಎಚ್ ಅಂದರೆ 14.4 ವ್ಯಾಟ್-ಅವರ್. ಶಾರ್ಟ್ ಆಗದಂತೆ ತುದಿಗಳಿಗೆ ಟೇಪ್ ಅಂಟಿಸಿ. ಹಿಮದಲ್ಲಿ ಅವನ್ನು ಒಳಜೇಬಿನಲ್ಲಿಡಿ. ಚಳಿಗೆ 'ಖಾಲಿ' ಎಂದು ತೋರಿಸಿದ ಬ್ಯಾಟರಿ ಮೈಬಿಸಿಗೆ ಮತ್ತಷ್ಟು ಫೋಟೊ ಕೊಡುತ್ತೆ.