ಹಿಮನದಿ ಕೊರೆದ 'ಸರ್ಕ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಹಿಮನದಿ ಬೆಟ್ಟವನ್ನು ಹೇಗೆ ಕಡೆಯುತ್ತದೆ ಅನ್ನೋ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಕಡೆ ಪದ ಬೇಕಾಗಿದೆ.

ಮೊದಲನೆಯದು 'ಸವಕಳಿ'. ಮಳೆಗೆ ತೋಟದ ಮಣ್ಣು ಕೊಚ್ಚಿಹೋಗುವುದಕ್ಕೆ ಇದು ಸರಿ. ಹಿಮನದಿಯ ಕೆಲಸವೇ ಬೇರೆ, ಅದೂ ಎರಡು ಬಗೆ. ಹಿಮದಡಿ ಕರಗಿದ ನೀರು ಬಂಡೆಯ ಬಿರುಕಿಗಿಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ ಅಲ್ವಾ, ಬಿರುಕು ಅಗಲವಾಗಿ ಕಲ್ಲು ಸಡಿಲವಾಗುತ್ತದೆ. ಹಿಮ ಜರುಗುವಾಗ ಆ ಕಲ್ಲನ್ನು ಕಿತ್ತುಕೊಂಡೇ ಹೋಗುತ್ತದೆ. ಹಾಗೆ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೆಯನ್ನು ತೇಯುತ್ತಾ ಸಾಗುತ್ತವೆ. ಬಂಡೆ ನುಣುಪಾಗುತ್ತದೆ, ಹಿಮ ಹರಿದ ದಿಕ್ಕಿಗೇ ಉದ್ದುದ್ದ ಗೀರು ಬೀಳುತ್ತವೆ. ತೇದ ಹುಡಿ ಬೆರೆತು ಹೊಳೆ ನೀರೇ ಬೂದು ಬಣ್ಣಕ್ಕೆ ತಿರುಗುತ್ತದೆ. ಗೋಮುಖದಲ್ಲಿ ಭಾಗೀರಥಿ ಹೊರಬರುವುದೇ ಹಾಗೆ. 'ಕೀಳುವುದು', 'ತೇಯುವುದು' ಅಂತ ಬರೆದುಕೊಂಡಿದ್ದೇನೆ. ಆದರೆ ತಲೆಬರಹಕ್ಕೆ 'ಕೀಳುವಿಕೆ' ನಾಲಿಗೆಗೆ ಒಗ್ಗುವುದಿಲ್ಲ. ಬೇರೆ ನಾಮಪದ ಇದೆಯಾ?

ಇನ್ನೊಂದು 'ಸರ್ಕ್'. ಹಿಮನದಿ ಹುಟ್ಟುವಲ್ಲಿ ಬೆಟ್ಟದ ಮೈ ಕೊರೆದು ಆಗುವ ಗುಂಡಿ. ಹಿಂದೆ ಮತ್ತು ಎರಡೂ ಪಕ್ಕ ಕಡಿದಾದ ಗೋಡೆ, ಮುಂದೆ ಮಾತ್ರ ಬಾಯಿ ತೆರೆದಿರುತ್ತದೆ. 'ಬಟ್ಟಲು' ಅಂದರೆ ಸುತ್ತಲೂ ಅಂಚು ಬಂದುಬಿಡುತ್ತದೆ. 'ಕೊರಕಲು' ಅಂದರೆ ನೀರು ಕೊರೆದದ್ದು ಅನ್ನಿಸುತ್ತದೆ. ನನ್ನ ಮನಸ್ಸು 'ಮೊರ'ದ ಕಡೆಗಿದೆ, ಆಕಾರ ಥೇಟ್ ಅದೇ. 'ಮೊರಗುಂಡಿ' ಅನ್ನಬಹುದಾ?

ಉಳಿದವಕ್ಕೆ ನಮ್ಮಲ್ಲೇ ಪದ ಇವೆ. ಇಂಥ ಎರಡು ಗುಂಡಿ ಬೆನ್ನಿಗೆ ಬೆನ್ನು ಹತ್ತಿರವಾದಾಗ ನಡುವೆ ಉಳಿಯುವ ಚೂಪು ಅಂಚಿಗೆ 'ಏಣು' ಸಾಕು. ಮೂರ್ನಾಲ್ಕು ಕಡೆಯಿಂದ ಕೊರೆದರೆ ಉಳಿಯುವ ಶಿಖರಕ್ಕೆ 'ಕೋಡು' ತುಂಬಾ ಚೆನ್ನಾಗಿದೆ. ಪ್ರಾಣಿಯ ಕೊಂಬಿಗೂ ಬೆಟ್ಟದ ತುದಿಗೂ ಕನ್ನಡದಲ್ಲಿ ಅದೇ ಪದ. ಸ್ವಿಟ್ಜರ್ಲೆಂಡ್ ಮತ್ತು ಇಟಲಿ ಗಡಿಯ ಮ್ಯಾಟರ್‌ಹಾರ್ನ್, 4,478 ಮೀಟರ್, ಇದಕ್ಕೆ ಒಳ್ಳೆಯ ಉದಾಹರಣೆ.

ಒಂದು ತೊಡಕಿದೆ. ನಮ್ಮ ಚಂದ್ರದ್ರೋಣ ಸಾಲೂ ಬಾಗಿ ಜಾಗರ ಕಣಿವೆಯನ್ನು ಸುತ್ತುವರಿದಿದೆ. ಮಕ್ಕಳು ಅದನ್ನೂ ಹಿಮನದಿಯೇ ಮಾಡಿದ್ದು ಅಂದುಕೊಳ್ಳಬಾರದು. ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ಮೇಲೆ ಹಿಮ ಜಾಸ್ತಿ ಹರಡಿದ್ದಾಗಲೂ ನಮ್ಮ ಈ ಬೆಟ್ಟಗಳಲ್ಲಿ ಹಿಮನದಿ ಇರಲಿಲ್ಲ. ಹಾಗಾಗಿ ಇಲ್ಲಿನ ಕಣಿವೆಗಳಿಗೆ ಆಗಲೇ ಬಳಕೆಯಲ್ಲಿರುವ ಹೆಸರನ್ನು 'ಸರ್ಕ್'ಗೆ ಕೊಡುವುದು ಬೇಡ. ಮೂಡಿಗೆರೆ, ಸಕಲೇಶಪುರದ ಕಡೆಯವರು ದಯವಿಟ್ಟು ತಿಳಿಸಿ: ಮೂರು ಕಡೆ ಎತ್ತರ, ಒಂದು ಕಡೆ ಬಯಲಾಗಿರುವ ಬೆಟ್ಟದ ಮಡಿಲಿಗೆ ನಿಮ್ಮೂರಲ್ಲಿ ಏನಂತಾರೆ? 'ಮೊರ' ಸೇರಿದ ಸ್ಥಳನಾಮ ಏನಾದರೂ ಇದೆಯಾ?